ಗೋದಲಿಯ ಹಸಿರು ಎಲ್ಲಿಂದ ಬಂತು?

ಮಲೆನಾಡಿನ ಡಿಸೆಂಬರ್ ಕೈತುಂಬ ಕೆಲಸದ ತಿಂಗಳು. ಕಾಫಿ ತೋಟಗಳಲ್ಲಿ ಅರೇಬಿಕಾ ಹಣ್ಣಿನ ಕೊಯ್ಲು, ಗದ್ದೆಯ ಕಣಗಳಲ್ಲಿ ಭತ್ತದ ಒಕ್ಕಲು, ಅಡಿಕೆ ಸೀಮೆಯಲ್ಲಿ ಸುಲಿತ ಮತ್ತು ಬೇಯಿಸುವಿಕೆ. ಈ ಧಾವಂತದ ನಡುವೆಯೇ ಘಟ್ಟದ ಕ್ರೈಸ್ತ ಮನೆಗಳಲ್ಲಿ ಹಬ್ಬದ ತಯಾರಿ ಆರಂಭವಾಗುತ್ತದೆ. ಈ ಹಬ್ಬ ಇಲ್ಲಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚಿನ ಇತಿಹಾಸ 1792ರಷ್ಟು ಹಿಂದಕ್ಕೆ ಹೋಗುತ್ತದೆ. ತೋಟಗಳಿಗೆ ದುಡಿಯಲು ಬಂದವರು, ಕರಾವಳಿಯಿಂದ ಘಟ್ಟ ಹತ್ತಿದವರು, ಇಲ್ಲಿಯೇ ಹುಟ್ಟಿ ಬೆಳೆದವರು, ಎಲ್ಲರೂ ಸೇರಿ ಈ ಹಬ್ಬವನ್ನು ಮಲೆನಾಡಿನದ್ದಾಗಿಸಿ ಹಲವು ತಲೆಮಾರುಗಳಾದವು. ಹಬ್ಬ ಇಲ್ಲಿನ ಮನೆಯದೇ. ಪರಕೀಯವಾಗಿರುವುದು ಇತ್ತೀಚೆಗೆ ಅದರ ಬೆನ್ನೇರಿ ಬಂದಿರುವ ಸರಕು.

ನವೆಂಬರ್ ಮುಗಿಯುವ ಮೊದಲೇ ಸಂತೆಯ ಊರುಗಳ ಅಂಗಡಿ ಸಾಲಿನಲ್ಲಿ ಈ ಸರಕು ತೂಗಾಡತೊಡಗುತ್ತದೆ. ಪ್ಲಾಸ್ಟಿಕ್ಕಿನ ಪೈನ್ ಮರ, ಪ್ಲಾಸ್ಟಿಕ್ಕಿನ ನಕ್ಷತ್ರ, ಮಿರುಗುವ ಜರಿಯ ಸರ, ಥರ್ಮೋಕೋಲಿನ ಹಿಮ, ಡಬ್ಬಿಯಲ್ಲಿ ಮಿನುಗುಪುಡಿ. ಇದರ ಬಹುಪಾಲು ಚೀನಾದ ಕಾರ್ಖಾನೆಗಳಿಂದ ಹಡಗು ಹತ್ತಿ ಬಂದದ್ದು. ಝೆಜಿಯಾಂಗ್ ಪ್ರಾಂತ್ಯದ ಯಿವು ನಗರ ಇಡೀ ಜಗತ್ತಿಗೆ ಕ್ರಿಸ್ಮಸ್ ಅಲಂಕಾರ ಪೂರೈಸುವ ಪೇಟೆಯೆಂದೇ ಹೆಸರಾಗಿದೆ. ಬೆಥ್ಲೆಹೇಮಿನ ದನದ ಕೊಟ್ಟಿಗೆಯಲ್ಲಿ ನಡೆದದ್ದೆನ್ನಲಾದ ಜನನದ ನೆನಪಿಗೆ, ದನದ ಕೊಟ್ಟಿಗೆಗಳೇ ತುಂಬಿರುವ ಊರಿನವರು ಕಾರ್ಖಾನೆಯ ಕೊಟ್ಟಿಗೆಯನ್ನು ಕೊಳ್ಳುವಂತಾಗಿರುವುದಕ್ಕಿಂತ ದೊಡ್ಡ ವಿಡಂಬನೆ ಬೇರೆ ಯಾವುದಿದೆ?

ಇದಕ್ಕೆ ಉತ್ತರವಾಗಿ "ಮನೆಯಲ್ಲೇ ಮಾಡಿ" ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಮಾತು ಒಳ್ಳೆಯದೇ, ಆದರೆ ಅರ್ಧ ಮಾತು. ಮನೆಯಲ್ಲಿ ಮಾಡಿದ್ದೆಲ್ಲವೂ ನಿರಪಾಯವಲ್ಲ. ಒಂದು ಅಲಂಕಾರವನ್ನು ಅಳೆಯಬೇಕಾದುದು ಅದನ್ನು ಯಾರ ಕೈ ಮಾಡಿತು ಎಂಬುದರಿಂದ ಮಾತ್ರವಲ್ಲ. ಅದರ ವಸ್ತು ಎಲ್ಲಿಂದ ಬಂತು, ಹಬ್ಬ ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಗಬೇಕು. ಈ ಎರಡನ್ನೂ ಕೇಳದ ಕರಕುಶಲತೆ ಕೊಳ್ಳುಬಾಕತನದ್ದೇ ಇನ್ನೊಂದು ಮುಖ.

ಹಿಮವಿಲ್ಲದ ನಾಡಿಗೆ ಹಿಮ

ಮೊದಲು ಮರದ ವಿಚಾರ. ಅಲಂಕರಿಸಿದ ಪೈನ್ ಜಾತಿಯ ಮರ ಜರ್ಮನ್ ಸೀಮೆಯ ಪದ್ಧತಿ. ಬ್ರಿಟಿಷ್ ರಾಣಿ ವಿಕ್ಟೋರಿಯಾಳ ಕುಟುಂಬ ಇಂಥ ಮರದ ಸುತ್ತ ನಿಂತ ಚಿತ್ರವೊಂದು 1848ರಲ್ಲಿ ಲಂಡನ್ನಿನ ವಾರಪತ್ರಿಕೆಯಲ್ಲಿ ಅಚ್ಚಾದ ನಂತರ ಅದು ಇಂಗ್ಲಿಷ್ ಮಾತಾಡುವ ಜಗತ್ತಿನಲ್ಲೆಲ್ಲ ಹಬ್ಬಿತು. ಚಳಿಗಾಲದಲ್ಲಿ ಎಲೆಗಳೆಲ್ಲ ಉದುರಿ ಬೋಳಾಗುವ ಸೀಮೆಯಲ್ಲಿ ಹಸಿರಾಗಿ ಉಳಿಯುವ ಒಂದು ಮರವನ್ನು ಮನೆಯೊಳಗೆ ತರುವುದಕ್ಕೆ ಅರ್ಥವಿದೆ. ಅದು ಅಲ್ಲಿಯವರು ತಮ್ಮ ಸುತ್ತಲಿನ ಕಾಡಿನೊಡನೆ ಆಡಿದ ಮಾತು. ವರ್ಷವಿಡೀ ಹಸಿರಾಗಿರುವ ಮಲೆನಾಡು ಆ ಮಾತನ್ನು ಪ್ಲಾಸ್ಟಿಕ್ಕಿನಲ್ಲಿ ನಕಲು ಮಾಡುವುದಕ್ಕೆ ಯಾವ ಅರ್ಥವಿದೆ?

ದಕ್ಷಿಣದ ಘಟ್ಟಗಳಲ್ಲಿ ಪೈನ್ ಮರದ ದೂರದ ನೆಂಟನೆನ್ನಬಹುದಾದ ಮರ ಸಹಜವಾಗಿ ಬೆಳೆಯುವುದು ಒಂದೇ ಒಂದು, ಅದು ನಗೇಯಾ ವಾಲಿಚಿಯಾನಾ. ಅದರ ಎಲೆಯೂ ಸೂಜಿಯಂತಿಲ್ಲ, ಅಗಲವಾಗಿದೆ. ಕರಾವಳಿಯವರು ಕ್ರಿಸ್ಮಸ್ ಮರವೆಂದು ನಿಲ್ಲಿಸುವ ಗಾಳಿಮರ 1868ರಲ್ಲಿ ಕಾರವಾರದ ಮೂಲಕ ನೆಡುತೋಪಿಗೆ ಬಂದದ್ದು. ತೋಟದವರು ಬಳಸುವ ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ. ಆದರೂ ಇವುಗಳ ಕೊಂಬೆ ಕಡಿದರೆ ಚಿಗುರುತ್ತದೆ, ಒಣಗಿದರೆ ಒಲೆಗೆ ಆಗುತ್ತದೆ. ಪ್ಲಾಸ್ಟಿಕ್ ಮರ ಎರಡಕ್ಕೂ ಬಾರದು. ಎರಡು ಮೀಟರ್ ಎತ್ತರದ ಕೃತಕ ಮರವೊಂದರ ಇಂಗಾಲದ ಹೊರೆ ಸುಮಾರು 40 ಕಿಲೋಗ್ರಾಂ ಎಂದು ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ ಸಂಸ್ಥೆ ಲೆಕ್ಕ ಹಾಕಿದೆ. ಕಡಿದ ನಿಜವಾದ ಮರವನ್ನು ಹಬ್ಬದ ನಂತರ ಉರುವಲು ಮಾಡಿದರೆ ಆ ಹೊರೆ 3.5 ಕಿಲೋಗ್ರಾಂ. ಈಗಾಗಲೇ ಪ್ಲಾಸ್ಟಿಕ್ ಮರ ಕೊಂಡವರು ಅದನ್ನು ಎಸೆದು ಪುಣ್ಯ ಸಂಪಾದಿಸಬೇಕಾಗಿಲ್ಲ. ಅದು ಮುರಿಯುವವರೆಗೆ ಬಳಸಲಿ, ಎರಡನೆಯದನ್ನು ಮಾತ್ರ ತಾರದಿರಲಿ.

ಬಚ್ಚಲ ಒಲೆಯ ಲೆಕ್ಕ

ಹಬ್ಬ ಮುಗಿದ ಮೇಲೆ ಈ ಸರಕು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಪೇಟೆಯವರು ಕಸದ ಗಾಡಿಯನ್ನು ತೋರಿಸಿ ಸುಮ್ಮನಾಗಬಹುದು. ಗುಡ್ಡದ ಒಂಟಿ ಮನೆಗಳಿಗೆ ಕಸದ ಗಾಡಿ ಹತ್ತುವುದಿಲ್ಲ. ಮಲೆನಾಡಿನ ಮನೆಯಲ್ಲಿ ಬೇಡವಾದದ್ದರ ಕೊನೆಯ ದಾರಿ ಬಚ್ಚಲ ಹಂಡೆಯ ಒಲೆ ಅಥವಾ ಹಳ್ಳದ ಏರಿ.

ಮಿರುಗುವ ಸರ ಮತ್ತು ಕೃತಕ ಮರದ ಎಲೆಗಳು ಸಾಮಾನ್ಯವಾಗಿ ಪಿವಿಸಿ ಪ್ಲಾಸ್ಟಿಕ್ಕಿನವು. ಶುದ್ಧ ಪಿವಿಸಿಯ ತೂಕದಲ್ಲಿ ಶೇಕಡ 57ರಷ್ಟು ಕ್ಲೋರಿನ್. ಅದನ್ನು ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಎಂಬ ಕಟುವಾದ ಆಮ್ಲದ ಹೊಗೆ ಏಳುತ್ತದೆ. ಬಚ್ಚಲ ಒಲೆಯಂಥ ತಗ್ಗಿದ ಉರಿಯಲ್ಲಿ ಡಯಾಕ್ಸಿನ್ ಎಂಬ ವಿಷಗಳೂ ಹುಟ್ಟುತ್ತವೆ. ಅವು ಕೊಬ್ಬಿನಲ್ಲಿ ಸೇರಿಕೊಳ್ಳುವ ಜಾತಿಯವು. ಹುಲ್ಲಿನ ಮೇಲೆ ಕುಳಿತು, ಹಸುವಿನ ಮೈ ಸೇರಿ, ಹಾಲಿನ ಕೆನೆಯಲ್ಲಿ ಮರಳಿ ಮನೆಯೊಳಗೆ ಬರಬಲ್ಲವು. ಹಳೆಯ ಕೃತಕ ಮರಗಳಲ್ಲಿ ಪಿವಿಸಿ ಕೆಡದಿರಲೆಂದು ಸೀಸದ ಸಂಯುಕ್ತಗಳನ್ನು ಬೆರೆಸುತ್ತಿದ್ದುದೂ ಉಂಟು. ಆ ಸೀಸ ಬೆಂಕಿಯಲ್ಲಿ ನಾಶವಾಗುವುದಿಲ್ಲ, ಬೂದಿಯಲ್ಲಿ ಉಳಿಯುತ್ತದೆ. ಬೂದಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಲೆನಾಡಿನ ಯಾವ ಗೃಹಿಣಿಗೂ ಹೇಳಿಕೊಡಬೇಕಾಗಿಲ್ಲ. ಗೊಬ್ಬರಗುಂಡಿಗೆ, ಅಲ್ಲಿಂದ ಬಸಳೆಯ ಚಪ್ಪರಕ್ಕೆ, ತೊಂಡೆಯ ಬುಡಕ್ಕೆ. ಮುತ್ತಜ್ಜಿಯ ಕಾಲದಿಂದ ಬಂದ ಈ ಸುಂದರ ಚಕ್ರದೊಳಗೆ ವಿಷವನ್ನು ತುರುಕುವುದಕ್ಕೆ ಒಂದು ಹಬ್ಬದ ಮಿನುಗು ಸಾಕು.

ಮಿನುಗುಪುಡಿಯ ಕಥೆ ಇನ್ನೂ ಸೂಕ್ಷ್ಮ. ಅದು ಅಲ್ಯುಮಿನಿಯಂ ಲೇಪಿಸಿದ ಪಾಲಿಯೆಸ್ಟರ್ ಹಾಳೆಯನ್ನು ಕಣಕಣವಾಗಿ ಕತ್ತರಿಸಿದ್ದು. ಕೈಗೆ ಅಂಟಿದ್ದು ನಲ್ಲಿಯಲ್ಲಿ, ನೆಲಕ್ಕೆ ಬಿದ್ದದ್ದು ಕಸಬರಿಗೆಯಲ್ಲಿ, ಎರಡೂ ಕೊನೆಗೆ ಹಳ್ಳದ ನೀರಿನಲ್ಲಿ. ಮತ್ತೆ ಹೆಕ್ಕಿ ತೆಗೆಯುವ ಮಾತೇ ಇಲ್ಲ. ಐರೋಪ್ಯ ಒಕ್ಕೂಟ ಇಂಥ ಬಿಡಿ ಪ್ಲಾಸ್ಟಿಕ್ ಮಿನುಗುಪುಡಿಯ ಮಾರಾಟವನ್ನು 2023ರ ಅಕ್ಟೋಬರ್‌ನಲ್ಲಿ ನಿಷೇಧಿಸಿತು. ಹಬ್ಬದ ಮರವನ್ನು ಜಗತ್ತಿಗೆ ಕೊಟ್ಟ ಸೀಮೆಯೇ ಹೊರಗಟ್ಟಿದ ವಸ್ತುವನ್ನು ತುಂಗಾ, ಭದ್ರಾ, ಹೇಮಾವತಿ, ಕಾವೇರಿಗಳು ಹುಟ್ಟುವ ನೆತ್ತಿಯ ಮೇಲೆ ಉದುರಿಸುವುದು ಯಾವ ನಾಗರಿಕತೆ?

ಥರ್ಮೋಕೋಲಿನ ವಿಷಯದಲ್ಲಂತೂ ವಾದಕ್ಕೇ ಎಡೆಯಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ತಿದ್ದಿದ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಅಲಂಕಾರಕ್ಕೆ ಬಳಸುವ ಥರ್ಮೋಕೋಲಿನ ತಯಾರಿಕೆ, ಮಾರಾಟ ಮತ್ತು ಬಳಕೆ 2022ರ ಜುಲೈ 1ರಿಂದ ನಿಷಿದ್ಧ. ಕಾನೂನು ಕಡತದಲ್ಲಿದೆ, ಥರ್ಮೋಕೋಲು ಪೇಟೆಯಲ್ಲಿದೆ.

ಕಸದಿಂದ ರಸವೋ, ರಸದಿಂದ ಕಸವೋ?

ಈಗ ಮನೆಯಲ್ಲಿ ಮಾಡಿದ ಅಲಂಕಾರದ ಕಡೆಗೆ ಬರಬೇಕು. ಶಾಲೆಗಳಲ್ಲಿ ಡಿಸೆಂಬರ್ ಬಂದರೆ "ಕಸದಿಂದ ರಸ" ಸ್ಪರ್ಧೆಗಳು ನಡೆಯುತ್ತವೆ. ಮಕ್ಕಳು ಮನೆಗೆ ಬಂದು ಪೋಷಕರನ್ನು ಪೇಟೆಗೆ ಎಳೆಯುತ್ತಾರೆ. ಥರ್ಮೋಕೋಲಿನ ಹಾಳೆ, ಹೊಳೆಯುವ ಕಾಗದ, ಬಿಸಿ ಅಂಟಿನ ಕಡ್ಡಿ, ಮಿನುಗುಪುಡಿ, ಪ್ಲಾಸ್ಟಿಕ್ ಮಣಿ, ಎಲ್ಲವನ್ನೂ ಹೊಸದಾಗಿ ಕೊಂಡು ಒಂದು ಹಳೆಯ ಬಾಟಲಿಗೆ ಅಂಟಿಸುತ್ತಾರೆ. ಅಂಟಿಸುವ ಮೊದಲು ಆ ಬಾಟಲಿ ಗುಜರಿಯವನಿಗೆ ಬೇಕಾದ ವಸ್ತುವಾಗಿತ್ತು. ಅಂಟಿಸಿದ ಮೇಲೆ ಯಾರಿಗೂ ಬೇಡವಾದ ಕಸ. ಬಹುಮಾನ ಅದಕ್ಕೇ ಬರುತ್ತದೆ. ಪರಿಸರ ಪಾಠದ ಹೆಸರಿನಲ್ಲಿ ಮಕ್ಕಳಿಗೆ ಕಲಿಸಿದ್ದು ಅಂಗಡಿಗೆ ಹೋಗುವ ಪಾಠವನ್ನೇ.

ಪಾಚಿಯ ಲೂಟಿ

ಮನೆಯಲ್ಲಿ ಮಾಡಿದ್ದರ ಇನ್ನೊಂದು ಪಾಪ ಕಾಡಿನಲ್ಲಿದೆ. ಅದರ ಬಗ್ಗೆ ಮಾತನಾಡುವವರು ಕಡಿಮೆ, ಏಕೆಂದರೆ ಅದು ಹಸಿರು ಬಣ್ಣದ್ದು. ಗೋದಲಿಯ ಗುಡ್ಡ, ಹುಲ್ಲುಗಾವಲು, ಕುರುಬರು ನಡೆದು ಬರುವ ದಾರಿ, ಇವಕ್ಕೆಲ್ಲ ಹಾಸಲು ಮರದ ಕಾಂಡ ಮತ್ತು ಬಂಡೆಗಳ ಮೇಲಿನ ಪಾಚಿಯನ್ನು ಸುಲಿದು ತರುವುದು ರೂಢಿ. ಒಂದು ಮನೆಯ ಗೋದಲಿಗೆ ಒಂದು ಬುಟ್ಟಿ ಸಾಕಾಗಬಹುದು. ಊರಿನ ಗೋದಲಿ ಸ್ಪರ್ಧೆಗೆ ಬುಟ್ಟಿ ಸಾಲದು, ಚೀಲಗಳೇ ಬೇಕು. ಪ್ಲಾಸ್ಟಿಕ್ಕಿನ ಹುಲ್ಲುಹಾಸಿಗಿಂತ ಇದು ಸಹಜವಲ್ಲವೇ ಎಂದು ಕೇಳುವವರಿದ್ದಾರೆ. ಸಹಜವಾದದ್ದು ಕಾಡಿನಲ್ಲಿದ್ದಾಗ ಮಾತ್ರ.

ಪಾಚಿ ಕಲೆಯಲ್ಲ, ಕೊಳೆಯೂ ಅಲ್ಲ. ಅದು ಒಂದು ಸಸ್ಯಸಮುದಾಯ. ಅದಕ್ಕೆ ನಿಜವಾದ ಬೇರಿಲ್ಲ, ಮೈಯಿಂದಲೇ ನೀರು ಕುಡಿಯುತ್ತದೆ. ಮಳೆಗಾಲದಲ್ಲಿ ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದು ನಿಧಾನವಾಗಿ ಬಿಡುತ್ತದೆ. ಬೇಸಿಗೆಯಲ್ಲಿ ಒಣಗಿ ಸುಮ್ಮನಿದ್ದು ಮಳೆಗೆ ಮತ್ತೆ ಜೀವ ತಳೆಯುತ್ತದೆ. ಗಾಳಿ ತಂದ ಧೂಳು, ಉದುರಿದ ಎಲೆಯ ಚೂರು ಅದರಲ್ಲಿ ಸಿಕ್ಕಿ ಮರದ ಮೇಲೊಂದು ತೆಳು ಮಣ್ಣಾಗುತ್ತದೆ. ಆ ತೇವದ ಹಾಸಿಗೆಯಲ್ಲಿ ಸೀತಾಳೆಯಂಥ ಆರ್ಕಿಡ್‌ಗಳ ಧೂಳಿನಷ್ಟು ಸಣ್ಣ ಬೀಜ ಶಿಲೀಂಧ್ರದ ನೆರವಿನಿಂದ ಮೊಳೆಯುತ್ತದೆ, ಜರಿಗಿಡ ಬೇರೂರುತ್ತದೆ, ಕಣ್ಣಿಗೆ ಕಾಣದ ನೂರಾರು ಜೀವಿಗಳು ಬದುಕುತ್ತವೆ. ಇಳಿಜಾರಿನ ಬಂಡೆಯ ಮೇಲಿನ ಪಾಚಿ ಮಣ್ಣು ಜಾರದಂತೆ ಕಾಯುವ ಮೊದಲ ಕಾವಲುಗಾರ.

ಕೀಳುವ ಕಾಲವೂ ತೀರ ಕೆಟ್ಟದ್ದು. ಡಿಸೆಂಬರ್‌ನಲ್ಲಿ ಮಳೆ ಹಿಂದೆ ಸರಿದಿರುತ್ತದೆ, ಪಾಚಿ ಇಬ್ಬನಿಯನ್ನು ನೆಚ್ಚಿಕೊಂಡಿರುತ್ತದೆ. ಆಗ ಸುಲಿದ ಜಾಗ ಮುಂದಿನ ಮಳೆಗಾಲದವರೆಗೆ ಬೆತ್ತಲೆ. ಮೊದಲ ಹನಿ ಬಿದ್ದಾಗ ಅಲ್ಲಿ ನೀರನ್ನು ಹಿಡಿಯುವವರು ಯಾರೂ ಇಲ್ಲ. ಮತ್ತೆ ಅದೇ ದಪ್ಪದ ಹೊದಿಕೆ ಬೆಳೆಯಲು ವರ್ಷಗಳೇ ಬೇಕು. ಇತ್ತ ಗೋದಲಿಗೆ ಬಂದ ಪಾಚಿ ವಿದ್ಯುದ್ದೀಪದ ಕಾವಿನಲ್ಲಿ ಒಂದು ವಾರಕ್ಕೆ ಕಂದು ಬಣ್ಣಕ್ಕೆ ತಿರುಗಿ, ಜನವರಿ 6ರ ಮೂರು ರಾಯರ ಹಬ್ಬ ಮುಗಿಯುತ್ತಲೇ ಕಸಬರಿಗೆಯ ಪಾಲಾಗುತ್ತದೆ. ಹಲವು ವರ್ಷಗಳ ಬೆಳೆ, ಹದಿನೈದು ದಿನಗಳ ನೋಟ.

ಪಾಚಿಗೆ ಯಾರ ಅಪ್ಪಣೆ ಬೇಕು ಎಂದು ನಗುವವರು 1927ರ ಭಾರತೀಯ ಅರಣ್ಯ ಕಾಯ್ದೆಯನ್ನು ತೆರೆದು ನೋಡಬೇಕು. ಅರಣ್ಯೋತ್ಪನ್ನ ಎಂದರೇನೆಂದು ಹೇಳುವ ಕಲಮಿನಲ್ಲಿ ಹುಲ್ಲು, ಬಳ್ಳಿ, ಜೊಂಡುಗಳ ಜೊತೆಗೆ ಪಾಚಿಯ ಹೆಸರೂ ಇದೆ. ಬ್ರಿಟಿಷರ ಕಣ್ಣಿಗೂ ಕಂಡಿದ್ದ ಪಾಚಿ ಮಲೆನಾಡಿಗರ ಕಣ್ಣಿಗೆ ಕಾಣದಿರುವುದು ಸರಿಯೇ?

ಪಾಚಿಯಿಲ್ಲದೆ ಗೋದಲಿ ಅಪೂರ್ಣ ಎಂಬ ಮಾತಿಗೆ ಗೋದಲಿಯ ಇತಿಹಾಸವೇ ಉತ್ತರ. ಇಟಲಿಯ ಗ್ರೆಚ್ಚೊ ಎಂಬ ಗುಡ್ಡದ ಊರಿನಲ್ಲಿ 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಏರ್ಪಡಿಸಿದ ಗೋದಲಿಯಲ್ಲಿ ಇದ್ದದ್ದು ಒಂದು ದನದ ಮೇವಿನ ತೊಟ್ಟಿ, ಒಣಹುಲ್ಲು, ಒಂದು ಎತ್ತು, ಒಂದು ಕತ್ತೆ. ಬಡತನವನ್ನೇ ಆಭರಣವೆಂದು ಬಗೆದ ಆ ಸಂತನ ಹೆಸರಿನಲ್ಲಿ ಆಡಂಬರ ನಡೆಯುವುದು ವಿಪರ್ಯಾಸ. ಆತ ಬಳಸಿದ ವಸ್ತು ಡಿಸೆಂಬರ್‌ನಲ್ಲಿ ಮಲೆನಾಡಿನ ಪ್ರತಿ ಕಣದಲ್ಲೂ ಬಣವೆಯಾಗಿ ನಿಂತಿದೆ.

ಹಸಿರನ್ನು ಕೀಳಬೇಡಿ, ಬಿತ್ತಿರಿ

ಆದರೂ ಹಸಿರು ಬೇಕೆನ್ನುವವರಿಗೆ ಗೋವಾ ಮತ್ತು ಕರಾವಳಿಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಹಿಂದಿನಿಂದಲೂ ಒಂದು ದಾರಿಯಿದೆ. ಗೋದಲಿಗೆಂದೇ ರಾಗಿಯನ್ನೋ ಭತ್ತವನ್ನೋ ತಟ್ಟೆಯಲ್ಲಿ ಬಿತ್ತಿ ಸಸಿ ಎಬ್ಬಿಸುವುದು. ಇದು ಯಾರಿಗೂ ಹೊಸದಲ್ಲ. ಮದುವೆ ಮುಂಜಿಗಳ ಅಂಕುರಾರ್ಪಣೆಯಲ್ಲಿ, ನವರಾತ್ರಿಯ ಘಟಸ್ಥಾಪನೆಯಲ್ಲಿ ಮೊಳಕೆ ಬರಿಸುವ ಕೈಗಳಿಗೆ ಇದು ಪರಿಚಿತ ಕೆಲಸ.

ಡಿಸೆಂಬರ್ 10ರಿಂದ 12ರ ಸುಮಾರಿಗೆ ಒಂದೆರಡು ಹಿಡಿ ರಾಗಿಯನ್ನು ರಾತ್ರಿ ನೆನೆಸಿ ಬಟ್ಟೆಯಲ್ಲಿ ಕಟ್ಟಿಡಬೇಕು. ಮೊಳಕೆಯ ಮೂತಿ ಕಂಡಾಗ, ಅಡಿಕೆ ಹಾಳೆಯಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿದ ಮಣ್ಣು ಮತ್ತು ಪುಡಿ ಗೊಬ್ಬರದ ಮೇಲೆ ಒತ್ತಾಗಿ ಉದುರಿಸಿ, ತೆಳುವಾಗಿ ಮಣ್ಣು ಮುಚ್ಚಿ, ಎರಡು ದಿನ ಹುಲ್ಲು ಹೊದಿಸಬೇಕು. ಆಮೇಲೆ ಬೆಳಕಿಗಿಟ್ಟು ದಿನವೂ ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಗೋದಲಿಗೆ ಬೇಕಾದ ಗದ್ದೆ ಸಿದ್ಧ. ಚಳಿ ಹೆಚ್ಚಿರುವ ನೆತ್ತಿಯ ಊರುಗಳಲ್ಲಿ ರಾಗಿ ಮತ್ತು ಭತ್ತ ನಿಧಾನ. ಅಲ್ಲಿ ಸಾಸಿವೆ, ಮೆಂತ್ಯ ಅಥವಾ ಗೋಧಿ ಲೇಸು. ಒಂದು ಎಚ್ಚರಿಕೆ ಅಗತ್ಯ: ಅಂಗಡಿಯಿಂದ ತಂದ, ಔಷಧ ಲೇಪಿಸಿದ ಬಿತ್ತನೆ ಬೀಜವನ್ನು ಬಳಸಬಾರದು. ಏಕೆಂದರೆ ಹಬ್ಬ ಮುಗಿದ ಮೇಲೆ ಈ ಗದ್ದೆ ಸೇರಬೇಕಾದುದು ಕರುವಿನ ಬಾಯಿಗೆ. ಎಲ್ಲಿಂದ ಬಂತು ಎಂದರೆ ಮನೆಯ ಕಣಜದಿಂದ, ಎಲ್ಲಿಗೆ ಹೋಯಿತು ಎಂದರೆ ಕೊಟ್ಟಿಗೆಗೆ. ಎರಡು ಪ್ರಶ್ನೆಗೂ ಇಷ್ಟು ನಿರ್ಮಲವಾದ ಉತ್ತರ ಕೊಡುವ ಅಲಂಕಾರ ಇನ್ನೊಂದಿಲ್ಲ.

ನಕ್ಷತ್ರವೂ ಹೀಗೆಯೇ. ಬಿದಿರ ದಬ್ಬೆ ಮತ್ತು ಬಣ್ಣದ ಕಾಗದದ ನಕ್ಷತ್ರ ಕರಾವಳಿ ಮತ್ತು ಘಟ್ಟದ ಹಳೆಯ ಬಳಕೆ. ದೂರದ ಫಿಲಿಪ್ಪೀನ್ಸ್‌ನಲ್ಲಿಯೂ ಪರೋಲ್ ಎಂಬ ಇಂಥದೇ ನಕ್ಷತ್ರ ಆ ನಾಡಿನ ಕ್ರಿಸ್ಮಸ್ಸಿನ ಗುರುತೇ ಆಗಿದೆ. ಸಮ ಉದ್ದದ ಹತ್ತು ದಬ್ಬೆಗಳು, ಐದು ಗೇಣುದ್ದದ ಅಡ್ಡಕಡ್ಡಿಗಳು, ಒಂದಿಷ್ಟು ಬಾಳೆನಾರು ಅಥವಾ ದಾರ. ಐದೈದು ದಬ್ಬೆಗಳಿಂದ ಎರಡು ನಕ್ಷತ್ರ ಕಟ್ಟಿ, ಒಂದರ ಮೇಲೊಂದಿಟ್ಟು ಐದು ತುದಿಗಳನ್ನು ಬಿಗಿದು, ಒಳಗಿನ ಐದು ಕೂಡುಗಳಲ್ಲಿ ಅಡ್ಡಕಡ್ಡಿ ನಿಲ್ಲಿಸಿದರೆ ನಕ್ಷತ್ರ ಹೊಟ್ಟೆ ಉಬ್ಬಿಸಿ ನಿಲ್ಲುತ್ತದೆ. ವಿದ್ಯಾರ್ಥಿಗಳಿಗೆ ಇದರಲ್ಲೊಂದು ಗಣಿತವೂ ಇದೆ. ದಬ್ಬೆಯ ಉದ್ದ 60 ಸೆಂಟಿಮೀಟರ್ ಆದರೆ ಎರಡೂ ತುದಿಯಿಂದ ಸುಮಾರು 23 ಸೆಂಟಿಮೀಟರಿಗೆ ಕೂಡು ಬರಬೇಕು, ನಡುವೆ 14 ಉಳಿಯಬೇಕು. ಪ್ರತಿ ತುದಿಯ ಕೋನ 36 ಡಿಗ್ರಿ, ಐದೂ ಸೇರಿ 180. ಜರ್ಮನಿಯ ಮೊರೇವಿಯನ್ ಪಂಥದ ಪ್ರಸಿದ್ಧ ಕಾಗದದ ನಕ್ಷತ್ರ ಕೂಡ 19ನೇ ಶತಮಾನದಲ್ಲಿ ಶಾಲೆಯೊಂದರ ರೇಖಾಗಣಿತದ ಪಾಠವಾಗಿಯೇ ಹುಟ್ಟಿದ್ದು. "ಕಸದಿಂದ ರಸ" ನಡೆಸುವ ಶಾಲೆಗಳು ಅದರ ಬದಲು ಈ ಪಾಠ ನಡೆಸಲಿ.

ಕಾಗದಕ್ಕೆ ಮೈದಾ ಅಂಟು ಸಾಕು. ಬಣ್ಣಕ್ಕೆ ಅರಿಶಿನ ಹಳದಿ ಕೊಡುತ್ತದೆ. ಅದಕ್ಕೇ ಚಿಟಿಕೆ ಸುಣ್ಣ ಬೆರೆತರೆ ಕೆಂಪು, ಆರತಿಯ ಓಕುಳಿ ನೀರಿನ ಗುಟ್ಟು ಅದೇ. ಬಿಸಿಲಿಗೆ ಮಾಸುತ್ತದೆ ನಿಜ, ಹದಿನೈದು ದಿನಗಳ ಹಬ್ಬಕ್ಕೆ ಅದು ದೋಷವಲ್ಲ. ಇಬ್ಬನಿಗೆ ಕಾಗದ ನೆನೆಯುತ್ತದೆಂಬ ದೂರಿಗೆ ಸೂರಿನ ಕೆಳಗೆ ತೂಗುಹಾಕುವುದೇ ಪರಿಹಾರ. ಒಳಗೆ ಎಣ್ಣೆದೀಪ ಇಡದೆ ಸಣ್ಣ ಎಲ್‌ಇಡಿ ಬಲ್ಬು ಇಡುವುದು ಕ್ಷೇಮ. ಮುಂದಿನ ವರ್ಷಕ್ಕೆ ಕಾಗದ ಮಾತ್ರ ಹೊಸದು, ಬಿದಿರು ಅದೇ.

ಬಿದಿರಿಗಾಗಿ ಕಾಡಿಗೆ ನುಗ್ಗಬೇಕಾಗಿಲ್ಲ. ಅರಣ್ಯದ ಹೊರಗೆ ಬೆಳೆದ ಬಿದಿರನ್ನು 2017ರ ತಿದ್ದುಪಡಿ ಮರದ ಪಟ್ಟಿಯಿಂದ ಬಿಟ್ಟಿದೆ, ಹಿತ್ತಲ ಬಿದಿರು ಧಾರಾಳವಾಗಿ ಆಗುತ್ತದೆ. ಅದೂ ಇಲ್ಲದಿದ್ದರೆ ಲಂಟಾನ ಇದೆ. ಬೇಲಿ, ಗೋಮಾಳ, ಕಾಡಂಚುಗಳನ್ನೆಲ್ಲ ನುಂಗಿರುವ ಈ ಕಳೆಯನ್ನು ಎಷ್ಟು ಕಡಿದರೂ ಕಾಡಿಗೆ ಉಪಕಾರವೇ. ಅದರ ಬೆತ್ತವನ್ನು ನೀರಿನಲ್ಲಿ ಕುದಿಸಿ ತೊಗಟೆ ಸುಲಿದರೆ ಬಾಗುತ್ತದೆ, ಬಾಳುತ್ತದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರಿಂದ ಪೀಠೋಪಕರಣ ಮಾಡುತ್ತಾರೆ. ಗೂಡಲೂರು ಭಾಗದ ಆದಿವಾಸಿ ಕುಶಲಕರ್ಮಿಗಳು ಕಟ್ಟಿದ ಲಂಟಾನದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತವು. ಆನೆಯಾಗಬಲ್ಲ ಲಂಟಾನ ನಕ್ಷತ್ರವಾಗಲಾರದೇ?

ಮರ ಬೇಕೆನ್ನುವವರಿಗೆ ಕಳೆದ ಗಿಡಗಸಿಯಲ್ಲಿ ಉಳಿದ ಕಾಫಿಯ ಒಣ ರೆಂಬೆಯಿದೆ, ಮರಗಸಿಯ ಸಿಲ್ವರ್ ಓಕ್ ಕೊಂಬೆಯಿದೆ. ಅಂಗಳದಲ್ಲಿ ತಾನಾಗಿಯೇ ಕೆಂಪಾಗಿ ನಿಂತ ಪಾಯಿನ್ಸೆಟ್ಟಿಯ ಗಿಡವಿದೆ. ತೂಗುಹಾಕಲು ಭತ್ತದ ತೆನೆ, ತೆಂಗಿನ ಗರಿಯ ಹಕ್ಕಿ, ಅಡಿಕೆ ಹಾಳೆ ಕತ್ತರಿಸಿದ ಗಂಟೆ ಇವೆ. ಕೆಂಪು ಕಾಳಿಗೆಂದು ಗುಲಗಂಜಿಯನ್ನು ಮಾತ್ರ ಮಕ್ಕಳ ಕೈಗೆ ಕೊಡಬಾರದು. ಚುಚ್ಚಿದ ಅಥವಾ ಅಗಿದ ಗುಲಗಂಜಿ ಪ್ರಾಣಾಪಾಯದ ವಿಷ. ಜರಿಗಿಡ, ಸೀತಾಳೆಗಳನ್ನು ಕಾಡಿನಲ್ಲಿಯೇ ಬಿಡಬೇಕು.

ಎದುರು ಮಾತುಗಳು

ಈ ಬಗೆಯ ಬರಹಕ್ಕೆ ಬರುವ ಮೊದಲ ಆಕ್ಷೇಪ ಗೊತ್ತಿರುವುದೇ: ಎಲ್ಲರ ಹಬ್ಬ ಬಿಟ್ಟು ಕ್ರೈಸ್ತರ ಹಬ್ಬವೇ ಏಕೆ? ಪ್ರಶ್ನೆ ನ್ಯಾಯವಾದದ್ದು. ಪ್ಲಾಸ್ಟರ್ ಗಣಪತಿಯನ್ನು ಕೆರೆಗೆ ನೂಕುವ ಚೌತಿಗೂ, ಪ್ಲಾಸ್ಟಿಕ್ ತೋರಣ ಕಟ್ಟುವ ಜಾತ್ರೆಗೂ, ಬಾವುಟ ಬಂಟಿಂಗ್‌ಗಳ ಚುನಾವಣೆಗೂ ಇದೇ ಎರಡು ಪ್ರಶ್ನೆಗಳು ಅನ್ವಯಿಸುತ್ತವೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳ ವಿರುದ್ಧ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಪರಿಷ್ಕೃತ ಮಾರ್ಗಸೂಚಿ ಹೊರಡಿಸಿದರೂ ಅವು ಹಳ್ಳ ಸೇರುವುದು ನಿಂತಿಲ್ಲ. ಹಳ್ಳದ ನೀರು ಕಸದ ಜಾತಿ ಕೇಳುವುದಿಲ್ಲ. ಡಿಸೆಂಬರ್‌ನಲ್ಲಿ ಡಿಸೆಂಬರ್‌ನ ಹಬ್ಬದ ಮಾತು, ಭಾದ್ರಪದದಲ್ಲಿ ಭಾದ್ರಪದದ ಮಾತು.

ಎರಡನೆಯದು, ವರ್ಷಕ್ಕೊಮ್ಮೆ ತಾನೇ ಎಂಬ ಸಮಾಧಾನ. ಹಬ್ಬ ವರ್ಷಕ್ಕೊಮ್ಮೆ, ಪ್ಲಾಸ್ಟಿಕ್ಕಿನ ಆಯುಷ್ಯ ವರ್ಷಕ್ಕೆ ಮುಗಿಯುವುದಿಲ್ಲ. ಪಾಚಿ ಮರಳಿ ಬೆಳೆಯುವ ಮೊದಲೇ ಮುಂದಿನ ಕ್ರಿಸ್ಮಸ್ ಬಂದಿರುತ್ತದೆ.

ಮೂರನೆಯದು ಹೆಚ್ಚು ಗಂಭೀರ. ಬೆಳಗಿನಿಂದ ಸಂಜೆಯವರೆಗೆ ಕಾಫಿ ಕೊಯ್ದು ಬಂದ ಹೆಣ್ಣಾಳು ರಾತ್ರಿ ಕುಳಿತು ನಕ್ಷತ್ರ ಕಟ್ಟಬೇಕೇ? ಮನೆಯಲ್ಲೇ ಮಾಡಿ ಎಂಬ ಉಪದೇಶ ಕೊನೆಗೆ ಮನೆಯ ಹೆಂಗಸಿನ ಮೇಲೆ ಬೀಳುವ ಇನ್ನೊಂದು ಕೆಲಸವಾದರೆ ಅದು ಸ್ವಾವಲಂಬನೆಯಲ್ಲ, ಶೋಷಣೆ. ನೆವ್ರಿ, ಕಿಡ್ಯೊ, ಗುಳಿಯೊ ಎಂದು ಕುಸ್ವಾರದ ಸಾಲು ಸಾಲು ತಿಂಡಿಗಳನ್ನು ಅವಳು ಈಗಾಗಲೇ ಕರಿಯುತ್ತಿದ್ದಾಳೆ. ಆದ್ದರಿಂದ ನಕ್ಷತ್ರ, ಗೋದಲಿಗಳ ಕೆಲಸ ಗಂಡಸರದ್ದೂ ಯುವಕರದ್ದೂ ಆಗಬೇಕು. ಆಗಮನ ಕಾಲದ ನಾಲ್ಕು ಭಾನುವಾರಗಳಿವೆ. ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಒಂದು ಗಂಟೆ ಎಲ್ಲರೂ ಕುಳಿತರೆ ಊರಿಗೆ ಬೇಕಾದಷ್ಟು ನಕ್ಷತ್ರ ಕಟ್ಟಬಹುದು. ಸಮಯವೇ ಇಲ್ಲದವರು ಕೊಳ್ಳಲಿ, ತಪ್ಪಿಲ್ಲ. ಆದರೆ ಹಡಗಿನಲ್ಲಿ ಬಂದದ್ದನ್ನಲ್ಲ, ಹತ್ತಿರದ ಮೇದರ ಕೇರಿಯಲ್ಲಿ ಹೆಣೆದದ್ದನ್ನು. ಪ್ಲಾಸ್ಟಿಕ್ ಬುಟ್ಟಿ, ಪ್ಲಾಸ್ಟಿಕ್ ಮೊರ ಬಂದು ಕೆಲಸ ಕಳೆದುಕೊಂಡ ಆ ಕೈಗಳಿಗೆ ಡಿಸೆಂಬರ್‌ನ ಒಂದು ತಿಂಗಳ ಕೂಲಿ ಸಣ್ಣ ಮಾತಲ್ಲ. ಗೋದಲಿಯ ಮಣ್ಣಿನ ಬೊಂಬೆಗಳಿಗೆ ಕುಂಬಾರರೂ ಇದ್ದಾರೆ.

ಆಗಬೇಕಾದುದು

ಚರ್ಚಿನ ಸಮಿತಿಗಳು ಗೋದಲಿ ಸ್ಪರ್ಧೆಯ ನಿಯಮಕ್ಕೆ ಎರಡು ಸಾಲು ಸೇರಿಸಿದರೆ ಸಾಕು: ಪ್ಲಾಸ್ಟಿಕ್, ಥರ್ಮೋಕೋಲ್ ಇದ್ದರೆ ಬಹುಮಾನವಿಲ್ಲ, ಕಾಡಿನ ಪಾಚಿ ಇದ್ದರೆ ಪ್ರವೇಶವೇ ಇಲ್ಲ. ಹೊಸದಾಗಿ ಬಿತ್ತಿದ ಹಸಿರಿಗೆ ಒಂದು ವಿಶೇಷ ಬಹುಮಾನವಿರಲಿ. ಶಾಲೆಗಳು ಮಕ್ಕಳನ್ನು ಅಂಗಡಿಗೆ ಕಳುಹಿಸುವ ಸ್ಪರ್ಧೆಗಳನ್ನು ನಿಲ್ಲಿಸಲಿ. ಗ್ರಾಮ ಪಂಚಾಯಿತಿಗಳು ನಿಷೇಧಿತ ಥರ್ಮೋಕೋಲು ಸಂತೆಗೆ ಬರುವ ನವೆಂಬರ್‌ನಲ್ಲೇ ಅಂಗಡಿಗಳನ್ನು ಪರಿಶೀಲಿಸಲಿ, ಹಬ್ಬ ಕಳೆದ ಮೇಲೆ ಬಂದು ಪ್ರಯೋಜನವಿಲ್ಲ. ಅರಣ್ಯ ಇಲಾಖೆ ಬಡವರ ಸೌದೆ ಹೊರೆಯನ್ನು ತಡೆಯುವ ಉತ್ಸಾಹದ ಒಂದಂಶವನ್ನಾದರೂ ಚೀಲಗಟ್ಟಲೆ ಪಾಚಿ ಸಾಗಿಸುವವರ ಮೇಲೆ ತೋರಲಿ.

ಪಶ್ಚಿಮ ಘಟ್ಟದ 39 ತಾಣಗಳನ್ನು ಯುನೆಸ್ಕೊ 2012ರಲ್ಲಿ ವಿಶ್ವ ಪರಂಪರೆಯೆಂದು ಗುರುತಿಸಿತು. ಆ ಪರಂಪರೆಯನ್ನು ಉಳಿಸುವ ಕೆಲಸ ದೊಡ್ಡ ಅಣೆಕಟ್ಟು, ದೊಡ್ಡ ಗಣಿಗಳ ವಿರುದ್ಧದ ಹೋರಾಟದಲ್ಲಿ ಮಾತ್ರ ನಡೆಯುವುದಿಲ್ಲ. ಮನೆಯ ಜಗಲಿಯ ಮೇಲೆ ಒಂದು ಅಡಿಕೆ ಹಾಳೆ, ಅದರಲ್ಲಿ ಒಂದು ಹಿಡಿ ರಾಗಿ ಬಿತ್ತುವಲ್ಲಿಯೂ ಅದು ನಡೆಯುತ್ತದೆ. ಬರುವ ಡಿಸೆಂಬರ್ 10ಕ್ಕೆ ಎಷ್ಟು ಮನೆಗಳಲ್ಲಿ ಆ ಹಾಳೆ ಹೊರಬರುತ್ತದೆ ಎಂಬುದರ ಮೇಲೆ, ಮುಂದಿನ ಮಳೆಗಾಲಕ್ಕೆ ಎಷ್ಟು ಬಂಡೆಗಳ ಮೇಲೆ ಹಸಿರು ಉಳಿದಿರುತ್ತದೆ ಎಂಬುದು ನಿಂತಿದೆ.